ನಲವತ್ತೈದರ ಲೆಕ್ಕ

ಕಾನೂನು ಪದವಿ ಮುಗಿಸಿದವರು ವಕೀಲಿ ಮಾಡಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಗೆ ವಾರ ಉಳಿದಿದೆ, ನಿದ್ದೆ ಹತ್ತುತ್ತಿಲ್ಲ ಎಂದು ಧಾರವಾಡದ ಕೋರ್ಟಿನ ಆವರಣದಲ್ಲಿ ಯಾರಾದರೂ ಜೂನಿಯರ್ ಹೇಳಿದರೆ, ನಾನು ಧೈರ್ಯ ಹೇಳುವುದಿಲ್ಲ; ಪೆನ್ನು ಕೊಟ್ಟು ಲೆಕ್ಕ ಬರೆಸುತ್ತೇನೆ. ಪ್ರಶ್ನೆ 100, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಶೇ. 45, ಪರಿಶಿಷ್ಟರಿಗೆ ಶೇ. 40 ಬಂದರೆ ಸಾಕು. 55 ತಪ್ಪಿದರೂ ಪಾಸು! ಮುಂದೆ ಯಾವ ಕಕ್ಷಿದಾರನೂ ನಿಮಗೆ ಎಷ್ಟು ಬಂದಿತ್ತು ಎಂದು ಕೇಳುವುದಿಲ್ಲ, ಫೀ ಎಷ್ಟು ಎಂದಷ್ಟೇ ಕೇಳುತ್ತಾನೆ.

ಮೊದಲ ಸಲ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಹತ್ತೊಂಬತ್ತು ವಿಷಯಗಳನ್ನೂ ಮುಗಿಸಬೇಕೆಂಬ ಹಟ. ಬೆಂಗಳೂರಿನ ಲಾಡ್ಜಿನಲ್ಲಿ ರಾತ್ರಿ ಎರಡರವರೆಗೆ ಪೇಟೆಂಟು, ಭೂಸ್ವಾಧೀನ ಎಂದು ಕುಳಿತಿದ್ದೆ. ಎರಡಕ್ಕೂ ಸೇರಿ ಬರುವುದೇ ನಾಲ್ಕು ಪ್ರಶ್ನೆ. ಕೊನೆಯ ವಾರದಲ್ಲಿ ಸಂವಿಧಾನ, ಸಿವಿಲ್ ಪ್ರಕ್ರಿಯೆ, ನಾಗರಿಕ ಸುರಕ್ಷಾ ಸಂಹಿತೆಗೆ (ಕ್ರಿಮಿನಲ್ ಪ್ರಕ್ರಿಯೆ) ಹತ್ತತ್ತು ಪ್ರಶ್ನೆ, ನ್ಯಾಯ ಸಂಹಿತೆ (ಅಪರಾಧ, ಶಿಕ್ಷೆಗಳ ಕಾನೂನು), ಸಾಕ್ಷ್ಯ ಅಧಿನಿಯಮಕ್ಕೆ ಎಂಟೆಂಟು ಎಂದು ಕೂಡಿಸಿ ನೋಡಿ: 46. ಈ ಐದನ್ನು ಬಿಟ್ಟು ಹೊಸದೇನನ್ನೂ ಕೈಗೆತ್ತಿಕೊಳ್ಳಬೇಡಿ.

ಇನ್ನು ಬೇರ್ ಆಕ್ಟಿನ, ಅಂದರೆ ಕಾನೂನಿನ ಮೂಲಪಾಠವಷ್ಟೇ ಇರುವ ಪುಸ್ತಕದ ಮಾತು. ಟಿಪ್ಪಣಿ ಇಲ್ಲದ ಪ್ರತಿಯನ್ನು ಒಳಗೆ ಒಯ್ಯಬಹುದು. ನಾನು ಎರಡು ವರ್ಷ ಬಳಸಿದ ಪುಸ್ತಕವನ್ನೇ ಒಯ್ದಿದ್ದೆ. ಅಂಚಿನ ತುಂಬ ಪೆನ್ಸಿಲ್ ಬರಹ. ಹಿಂದಿನ ರಾತ್ರಿ ರಬ್ಬರಿನಿಂದ ಉಜ್ಜಿದ್ದೆ, ಆದರೂ ಅಕ್ಷರದ ಗೀರು ಉಳಿದಿತ್ತು. ಮೇಲ್ವಿಚಾರಕರು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, "ಇದೇನಮ್ಮ?" ಎಂದರು. ಪುಸ್ತಕ ಮೇಜಿನ ಮೇಲೆ ಉಳಿಯಿತು, ನಾನು ಬರಿಗೈಯಲ್ಲಿ ಕುಳಿತೆ. ಮೊದಲ ಮುಕ್ಕಾಲು ತಾಸು ಪ್ರಶ್ನೆ ಓದಿದ್ದೇ ನೆನಪಿಲ್ಲ. ಕಿವಿಯಲ್ಲಿ ಎದೆಬಡಿತ ಮಾತ್ರ. ತಪ್ಪು ನನ್ನದೇ. ಆದ್ದರಿಂದ ಹೊಸ ಪ್ರತಿ ಕೊಂಡು, ಗೆರೆ ಕೂಡ ಎಳೆಯದೆ ಇಡಿ. ದಿನಕ್ಕೆ ಇಪ್ಪತ್ತು ನಿಮಿಷ ಅದರ ಕಲಮುಗಳ ಪಟ್ಟಿಯನ್ನಷ್ಟೇ ತಿರುವಿ, ಬೇಕಾದ ಪುಟಕ್ಕೆ ಕೈ ತಾನಾಗಿ ಹೋಗುವಂತೆ ರೂಢಿಸಿಕೊಳ್ಳಿ. ನಮ್ಮ ಸೀನಿಯರ್ ಇಂದಿಗೂ ಹಳೆಯ ದಂಡ ಸಂಹಿತೆಯಂತೆ ಕೊಲೆ ಎಂದರೆ 302, ವಂಚನೆ ಎಂದರೆ 420 ಎನ್ನುತ್ತಾರೆ; 2024ರ ಜುಲೈ 1ರಿಂದ ಅವು ನ್ಯಾಯ ಸಂಹಿತೆಯ 103 ಮತ್ತು 318. ಬಾಯಿಪಾಠಕ್ಕಿಂತ ಈ ಪಟ್ಟಿಯನ್ನು ನಂಬಿದರೆ ತಲೆ ಹಗುರ.

ಮನೆಯವರ ಫೋನು ಬೇರೆ ಸಂಕಟ. ಎರಡನೆಯ ಸಲ ಗದುಗಿನಿಂದ ಕಾಕಾ "ಈ ಬಾರಿಯಾದರೂ ಆಗುತ್ತದೆಯೇನಮ್ಮ?" ಎಂದಾಗ ಫೋನನ್ನು ಅವ್ವನ ಕೈಗೆ ಕೊಟ್ಟೆ. ನೀವೂ ಹೀಗೆ ಒಬ್ಬರನ್ನು ಗೊತ್ತುಮಾಡಿ.

ಆ ಸಲ ರೈಲಿಗೆ ತಾಸು ಮೊದಲೇ ಹುಬ್ಬಳ್ಳಿ ನಿಲ್ದಾಣಕ್ಕೆ ಹೋದೆ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ನಮ್ಮೂರಿನ ಹೆಮ್ಮೆ. ಅದರ ಈ ತುದಿಯಿಂದ ಆ ತುದಿಗೆ ನಡೆದು ಬಂದರೆ ಮೂರು ಕಿಲೋಮೀಟರ್. ಬೆವರು ಬಂತು, ಹಸಿವೂ ಆಯಿತು. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದವಳಿಗೆ ಎಚ್ಚರವಾದದ್ದು ತುಮಕೂರಿನಲ್ಲಿ. ಪುಸ್ತಕ ಚೀಲದಿಂದ ಹೊರಗೆ ಬರಲೇ ಇಲ್ಲ.

ಒಳಗೆ ಕುಳಿತ ಮೇಲೆ ಮೊದಲ ಪ್ರಶ್ನೆಯೇ ತಿಳಿಯದಿದ್ದರೆ ಅದನ್ನು ಬಿಟ್ಟು ಮುಂದೆ ಸಾಗಿ. ಬರುವುದನ್ನು ಮೊದಲು, ಪುಸ್ತಕದಲ್ಲಿ ಹುಡುಕಬೇಕಾದದ್ದನ್ನು ಆಮೇಲೆ. ಕೊನೆಯ ಹತ್ತು ನಿಮಿಷದಲ್ಲಿ ಖಾಲಿ ಉಳಿದ ವೃತ್ತಗಳನ್ನು ಏನಾದರೊಂದು ಎಂದು ತುಂಬಿಬಿಡಿ. ನಾನು ಹಾಗೆ ತುಂಬಿದವು ಏಳು.