ಓಡುತ್ತಿದ್ದಾಗಲೇ ಆಫ್ ಆಗುವ ಹಳೇ ಕಾರು: ನಾನು ದೋಷ ಹಿಡಿಯುವ ಬಗೆ

ಹಳೇ ಪೆಟ್ರೋಲ್ ಕಾರು ಓಡುತ್ತಿದ್ದಾಗಲೇ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಬರುವಷ್ಟರಲ್ಲಿ ಎಲ್ಲ ಸರಿ. ಆಗ ಪ್ಲಗ್, ಕಾಯಿಲ್ (ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಭಾಗ), ಪಂಪ್ ಎಂದು ಅಂದಾಜಿನ ಮೇಲೆ ಒಂದೊಂದೇ ಬದಲಿಸುತ್ತಾ ಹೋಗುವುದು ದುಡ್ಡು ಕಳೆಯುವ ದಾರಿ. ನಾನು ಅಳತೆ ತೆಗೆಯುವುದು ಇಂಜಿನ್ ನಿಂತಿರುವ ಆ ಕೆಲವೇ ನಿಮಿಷಗಳಲ್ಲಿ. ಮತ್ತೆ ಸ್ಟಾರ್ಟ್ ಆಯಿತೆಂದರೆ ಸಾಕ್ಷಿ ಅಳಿಸಿಹೋಯಿತು. ಅದಕ್ಕೇ, ನಿಂತ ಕೂಡಲೇ ಸೆಲ್ಫ್ ಹೊಡೆಯಬೇಡಿ ಎಂಬುದು ಓಡಿಸುವವರಿಗೆ ನಾನು ಹೇಳುವ ಮೊದಲ ಮಾತು.

ಅದಕ್ಕೂ ಮುಂಚೆ ಸುರಕ್ಷತೆ. ಇಂಜಿನ್ ಆರಿದರೆ ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಪೆಡಲ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟಕ್ಕೆ ಮಾತ್ರ, ಆದ್ದರಿಂದ ಪೆಡಲನ್ನು ಪದೇ ಪದೇ ಒತ್ತಿ ಬಿಡದೆ ಒಂದೇ ಸಮನೆ ಒತ್ತಿ ಹಿಡಿಯಬೇಕು. ಗಾಡಿ ಉರುಳುತ್ತಿರುವಾಗ ಕೀ ಎಳೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ, ಅದನ್ನಂತೂ ಮಾಡಲೇಬಾರದು.

ಹೇಗೆ ನಿಂತಿತು ಎಂಬುದರಲ್ಲೇ ಅರ್ಧ ಉತ್ತರವಿದೆ. ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಒಂದೇ ಏಟಿಗೆ ನಿಂತರೆ ಬಹುಪಾಲು ಕರೆಂಟಿನ ಕಡೆ ದೋಷ. ಜರ್ಕ್ ಹೊಡೆದು, ಎಳೆತ ಕಡಿಮೆಯಾಗಿ, ರೇಸ್ ಕೊಟ್ಟಷ್ಟೂ ಕುಗ್ಗಿ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಬ್ರೇಕ್ ಹಿಡಿದು ನಿಲ್ಲಿಸುವಾಗ ಮಾತ್ರ ಆರುವುದಾದರೆ ಅದು ಬೇರೆಯೇ ಕಾಯಿಲೆ: ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಮಸಿ, ಐಡ್ಲಿಂಗ್‌ನ ಗಾಳಿ ಹತೋಟಿಯಲ್ಲಿಡುವ ಐಡಲ್ ವಾಲ್ವ್, ಇಲ್ಲವೇ ಬ್ರೇಕ್ ಬೂಸ್ಟರ್‌ನ ಹರಿದ ಡಯಾಫ್ರಮ್. ಐಡ್ಲಿಂಗ್‌ನಲ್ಲಿ ಬ್ರೇಕ್ ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಇಂಜಿನ್ ಸದ್ದು ಕುಂಟುತ್ತಿದ್ದರೆ ಮೊದಲ ಅನುಮಾನ ಬೂಸ್ಟರ್ ಮೇಲೆ.

ಆರ್‌ಪಿಎಂ ಮೀಟರ್ ಇದ್ದರೆ ಅದರ ಮುಳ್ಳನ್ನು ನೋಡಿ. ಗಾಡಿ ಗೇರಿನಲ್ಲೇ ಉರುಳುತ್ತಿದೆ, ಇಂಜಿನ್ ಚಕ್ರಗಳ ಬಲದಿಂದ ತಿರುಗುತ್ತಲೇ ಇದೆ, ಆದರೂ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿತ್ತೆಂದರೆ ಇಗ್ನಿಷನ್ನಿನ ಪ್ರೈಮರಿ (ಕಾಯಿಲ್‌ಗೆ ಹೋಗುವ 12 ವೋಲ್ಟಿನ ಸರ್ಕ್ಯೂಟ್) ಅಥವಾ ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್‌ನ ಸಿಗ್ನಲ್ ಹೋಗಿದೆ. ಮುಳ್ಳು ಇಂಜಿನ್ ವೇಗದೊಂದಿಗೇ ನಿಧಾನವಾಗಿ ಇಳಿದರೆ ಪೆಟ್ರೋಲ್ ಕಡೆ ನೋಡಬೇಕು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಸತ್ತಿದ್ದರೆ ಇಂಜಿನ್ನನ್ನು ಬಿಟ್ಟು ಬ್ಯಾಟರಿ ಟರ್ಮಿನಲ್, ಮುಖ್ಯ ಫ್ಯೂಸ್, ಇಗ್ನಿಷನ್ ಸ್ವಿಚ್ ನೋಡಿ. ಕೀ ಜೊತೆ ಭಾರದ ಗೊಂಚಲು ನೇತಾಡುತ್ತಿದ್ದರೆ ಹಳೇ ಸ್ವಿಚ್ಚಿನೊಳಗೆ ಸವೆತ ಇರಬಹುದು. ಐಡ್ಲಿಂಗ್‌ನಲ್ಲಿ ಕೀಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಇಷ್ಟಕ್ಕೂ ಸಿಗದಿದ್ದರೆ ನಾನು ಎರಡು ಬಲ್ಬ್ ಕಟ್ಟುತ್ತೇನೆ. 12 ವೋಲ್ಟಿನ, 5 ವ್ಯಾಟ್ ಒಳಗಿನ ಬಲ್ಬ್‌ಗಳು. ಒಂದಕ್ಕೆ ಇಗ್ನಿಷನ್ ಕಾಯಿಲ್‌ನ ಪಾಸಿಟಿವ್‌ನಿಂದ, ಇನ್ನೊಂದಕ್ಕೆ ಫ್ಯುಯೆಲ್ ಪಂಪ್ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಚ್ಚುವ ಸ್ವಿಚ್) 87ನೇ ಪಿನ್‌ನಿಂದ, ಅಂದರೆ ಪಂಪಿಗೆ ಕರೆಂಟ್ ಹೊರಡುವ ಪಿನ್‌ನಿಂದ ವೈರ್. ಎರಡರ ಇನ್ನೊಂದು ತುದಿ ಗಾಡಿಯ ಲೋಹದ ಮೈಗೆ, ಅಂದರೆ ಅರ್ಥ್‌ಗೆ. ವೈರ್ ಹೊರಡುವ ಜಾಗದಲ್ಲೇ 2 ಆಂಪಿಯರ್ ಫ್ಯೂಸ್ ಹಾಕಿ, ಸೈಲೆನ್ಸರ್ ಪೈಪ್, ಫ್ಯಾನ್, ಸ್ಟೀರಿಂಗ್ ರಾಡ್‌ಗಳಿಂದ ದೂರ ಒಯ್ದು, ಬಲ್ಬ್‌ಗಳನ್ನು ಡ್ಯಾಶ್‌ಬೋರ್ಡ್ ಮೇಲೆ ಟೇಪ್ ಹಚ್ಚಿ ಕೂರಿಸುತ್ತೇನೆ. ಎಲ್‌ಇಡಿ ಬೇಡ. ಸುಟ್ಟ ಕಾಂಟ್ಯಾಕ್ಟಿನ ಮೂಲಕ ತೊಟ್ಟು ಕರೆಂಟ್ ಬಂದರೂ ಅದು ಚೆನ್ನಾಗಿ ಉರಿಯುತ್ತದೆ. ಬಲ್ಬ್ ಮಂಕಾಗಿ ನಿಜ ಹೇಳುತ್ತದೆ. ಸೆನ್ಸರ್ ಸಿಗ್ನಲ್ ವೈರಿಗೆ ಮಾತ್ರ ಬಲ್ಬ್ ಮುಟ್ಟಿಸಬಾರದು, ಅಷ್ಟು ಲೋಡನ್ನು ಕಂಟ್ರೋಲ್ ಯೂನಿಟ್ (ಇಂಜಿನ್ನಿನ ಕಂಪ್ಯೂಟರ್) ತಡೆಯುವುದಿಲ್ಲ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದರ ಹಳದಿ ಕನೆಕ್ಟರ್‌ಗಳ ತಂಟೆಗೂ ಹೋಗಬೇಡಿ. ಇನ್ನು ಗಾಡಿ ಓಡಿಸುವವರು ಒಬ್ಬರು, ಬಲ್ಬ್ ನೋಡುವವರು ಇನ್ನೊಬ್ಬರು.

ಇಂಜಿನ್ ನಿಂತ ಗಳಿಗೆಯಲ್ಲಿ ಎರಡೂ ಬಲ್ಬ್ ಆರಿದರೆ ಸ್ವಿಚ್, ಮುಖ್ಯ ರಿಲೇ ಅಥವಾ ಅವುಗಳ ನಡುವಿನ ಕನೆಕ್ಟರ್. ಕಾಯಿಲ್ ಬಲ್ಬ್ ಉರಿಯುತ್ತಿದ್ದು ಪಂಪ್ ಬಲ್ಬ್ ಮಾತ್ರ ಆರಿದರೆ ತಕ್ಷಣ ರಿಲೇಯನ್ನು ಬೈಯಬೇಡಿ. ಇಂಜೆಕ್ಷನ್ ಗಾಡಿಗಳಲ್ಲಿ ಕ್ರ್ಯಾಂಕ್ ಸಿಗ್ನಲ್ ಬರದಿದ್ದರೆ ಕಂಟ್ರೋಲ್ ಯೂನಿಟ್ ತಾನೇ ಪಂಪನ್ನು ನಿಲ್ಲಿಸುತ್ತದೆ. ಈಗ ಸೆಲ್ಫ್ ಹೊಡೆದು ನೋಡಬೇಕು: ಆರ್‌ಪಿಎಂ ಮುಳ್ಳು ಅಲುಗದೆ, ಪ್ಲಗ್ಗಿಗೆ ಸ್ಪಾರ್ಕ್ ಕೂಡ ಬರದಿದ್ದರೆ ಸೆನ್ಸರ್ ಕಡೆಗೆ ಹೋಗಿ. ಸ್ಪಾರ್ಕ್ ಇದ್ದು ಪಂಪ್ ಬಲ್ಬ್ ಮಾತ್ರ ಸತ್ತಿದ್ದರೆ ಆಗ ರಿಲೇ. ಸ್ಪಾರ್ಕ್ ನೋಡಲು ಅರ್ಥ್ ಮಾಡಿದ ಸ್ಪಾರ್ಕ್ ಟೆಸ್ಟರ್ ಬಳಸಿ. ಪ್ಲಗ್ ವೈರನ್ನು ಗಾಳಿಯಲ್ಲಿ ಹಿಡಿದು ಸೆಲ್ಫ್ ಹೊಡೆದರೆ ಒಳ್ಳೇ ಕಾಯಿಲ್, ಅದರ ಕರೆಂಟ್ ಹಚ್ಚಿ ಆರಿಸುವ ಇಗ್ನಿಷನ್ ಮಾಡ್ಯೂಲ್ ಸುಟ್ಟುಹೋಗಬಹುದು. ಎರಡೂ ಬಲ್ಬ್ ಉರಿಯುತ್ತಿದ್ದರೂ ಇಂಜಿನ್ ಆರಿದೆ ಎಂದರೆ ಕಾಯಿಲ್, ಮಾಡ್ಯೂಲ್, ಪಂಪ್ ಮೋಟರ್ ಇಲ್ಲವೇ ಫಿಲ್ಟರ್.

ಕ್ರ್ಯಾಂಕ್ ಸೆನ್ಸರ್ ಹಳೆಯದಾದಾಗ ಒಳಗಿನ ಸಣ್ಣ ತಂತಿಯ ಸುರುಳಿ ಬಿಸಿಗೆ ಹಿಗ್ಗಿ ತುಂಡಾಗುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ತಣ್ಣಗಿರುವಾಗ ಅಳೆದರೆ ಎಲ್ಲ ಸರಿ ಎನ್ನುತ್ತದೆ ಮೀಟರ್. ಎರಡು ಪಿನ್ನಿನ ಸೆನ್ಸರ್‌ಗಳ ಓಮ್ ಸಾಮಾನ್ಯವಾಗಿ 200ರಿಂದ 1,500ರ ನಡುವೆ ಇರುತ್ತದೆ. ನಿಂತ ಕೂಡಲೇ ಕನೆಕ್ಟರ್ ಬಿಚ್ಚಿ ಅಳೆದಾಗ ಸರ್ಕ್ಯೂಟ್ ಓಪನ್ (ಒಳಗೆ ತಂತಿ ತುಂಡು) ಎಂದರೆ ಬೇರೆ ಪುರಾವೆ ಬೇಡ. ಮೇಲೆ ತಣ್ಣೀರಿನ ಒದ್ದೆ ಬಟ್ಟೆ ಇಟ್ಟಾಗ ಓಮ್ ಮರಳಿ ಬಂದರೆ ಇನ್ನೂ ಖಚಿತ. ಗ್ಯಾರೇಜಿನಲ್ಲಿ ಇದನ್ನೇ ತಿರುಗುಮುರುಗು ಮಾಡಿ, ಹೇರ್ ಡ್ರೈಯರ್‌ನಿಂದ ಬಿಸಿ ಕೊಟ್ಟು ನೋಡಬಹುದು. ಮೂರು ಪಿನ್ನಿನ ಹಾಲ್ ಸೆನ್ಸರ್‌ಗೆ (ಸುರುಳಿಯ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವ ಬಗೆ) ಓಮ್ ಅಳತೆ ನಡೆಯುವುದಿಲ್ಲ. ಅದಕ್ಕೆ 5 ಅಥವಾ 12 ವೋಲ್ಟ್ ಬರುತ್ತಿದೆಯೇ, ಅರ್ಥ್ ಇದೆಯೇ, ಇಂಜಿನ್ ತಿರುಗಿಸಿದಾಗ ಸಿಗ್ನಲ್ ಪಿನ್ ಏರಿಳಿಯುತ್ತದೆಯೇ ನೋಡಬೇಕು. ಓಬಿಡಿ ಪೋರ್ಟ್ (ದೋಷದ ಕೋಡ್ ಓದುವ ಸ್ಕ್ಯಾನರ್ ಜೋಡಿಸುವ ಜಾಗ) ಇರುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರ್ ದೋಷದ ಪಿ0335 (P0335) ಕೋಡ್ ಸಿಕ್ಕರೆ ಅದೃಷ್ಟ. ಆದರೆ ಕೋಡ್ ಇಲ್ಲದ ಮಾತ್ರಕ್ಕೆ ಸೆನ್ಸರ್ ಸರಿಯೆಂದಲ್ಲ: ಸಿಗ್ನಲ್ ಇಲ್ಲದಿದ್ದರೆ ಇಂಜಿನ್ ನಿಂತಿದೆ ಎಂದೇ ಎಷ್ಟೋ ಹಳೇ ಕಂಟ್ರೋಲ್ ಯೂನಿಟ್‌ಗಳು ತಿಳಿಯುತ್ತವೆ.

ರಿಲೇ ಅನುಮಾನವಿದ್ದರೆ ಅದೇ ನಂಬರಿನ ಹಾರ್ನ್ ರಿಲೇ ತೆಗೆದು ಹಾಕಿ ನೋಡಿ. ಹಳೇ ರಿಲೇಯ ಮುಚ್ಚಳ ಬಿಚ್ಚಿದರೆ ಪಿನ್ನಿನ ಬುಡದ ಬೆಸುಗೆಯ ಸುತ್ತ ಕೂದಲೆಳೆಯ ಬಿರುಕು ಕಾಣಬಹುದು. ಬೆಸುಗೆ ಹಾಕಿದರೆ ಓಡುತ್ತದೆ, ಆದರೂ ಹೊಸದು ಹಾಕುವುದೇ ಮೇಲು.

ಪೆಟ್ರೋಲ್ ಕಡೆಯ ಪರೀಕ್ಷೆಗೆ ಗೇಜ್ ಬೇಕು. ಪೋರ್ಟ್ ಇಂಜೆಕ್ಷನ್‌ನಲ್ಲಿ (ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ ಪೆಟ್ರೋಲ್ ಚಿಮ್ಮಿಸುವ ಬಗೆ) ಸುಮಾರು 2.5ರಿಂದ 3.5 ಬಾರ್ ಒತ್ತಡ ಇರಬೇಕು. ಗೇಜ್ ಜೋಡಿಸುವಾಗ ಪೆಟ್ರೋಲ್ ಚಿಮ್ಮುತ್ತದೆ. ಇಂಜಿನ್ ತಣ್ಣಗಿರಲಿ, ಕೈಯಳತೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಐಡ್ಲಿಂಗ್‌ನಲ್ಲಿ ಒತ್ತಡ ಸರಿಯಿದ್ದು ಏರು ಹತ್ತುವಾಗ ಬಿದ್ದುಹೋದರೆ ಫಿಲ್ಟರ್ ಅಥವಾ ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆ. ಬಲ್ಬ್ ಉರಿಯುತ್ತಿದ್ದೂ ಪಂಪ್ ಸದ್ದಿಲ್ಲದಿದ್ದರೆ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಅದಕ್ಕೆ ಎದ್ದು ಓಡಿತೆಂದರೆ ಮೋಟರಿನ ಬ್ರಶ್ ಸವೆದಿದೆ, ಮನೆ ತಲುಪಿ ಪಂಪ್ ಬದಲಿಸಿ. ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ. ಅದಕ್ಕೇ ಸವೆದ ಪಂಪ್ ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗಿಳಿದಾಗ, ಬಿಸಿಲಿನಲ್ಲಿ ಹೆಚ್ಚು ಕೈಕೊಡುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಜೋರಾಗಿ ಒಳಕ್ಕೆ ಎಳೆದುಕೊಂಡು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಗಾಳಿ ಬರುವ ದಾರಿ ಮುಚ್ಚಿದೆ. ಒಂದಷ್ಟು ದೂರ ಹೋಗಿ ನಿಲ್ಲುವ, ಮತ್ತೆ ಅಷ್ಟೇ ದೂರ ಹೋಗಿ ನಿಲ್ಲುವ ಗಾಡಿಯಲ್ಲಿ ನಾನು ಮೊದಲು ನೋಡುವುದು ಇದನ್ನೇ, ಖರ್ಚಿಲ್ಲದ ಪರೀಕ್ಷೆ.

ಕಾರ್ಬ್ಯುರೇಟರ್ ಗಾಡಿಯಲ್ಲಿ ಗೇಜೂ ಬೇಡ. ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯೊಳಗೆ ನೋಡುತ್ತಾ ಥ್ರಾಟಲನ್ನು ಕೈಯಿಂದ ಎಳೆಯಿರಿ. ಪೆಟ್ರೋಲ್ ಸಣ್ಣಗೆ ಚಿಮ್ಮಿದರೆ ಬೌಲಿನಲ್ಲಿ (ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲು) ಪೆಟ್ರೋಲ್ ಇದೆ, ಇಗ್ನಿಷನ್ ನೋಡಿ. ಚಿಮ್ಮದಿದ್ದರೆ ಬೌಲ್ ಒಣಗಿದೆ: ಪಂಪ್, ಫಿಲ್ಟರ್, ಅಥವಾ ಬಿಸಿ ಇಂಜಿನ್ನಿಗೆ ಒತ್ತಿಕೊಂಡ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ನಿಂತಿದೆ.

ಪಾಯಿಂಟ್ (ಕಾಯಿಲ್‌ನ ಕರೆಂಟ್ ಕೂಡಿಸಿ ಬಿಡಿಸುವ ಕಾಂಟ್ಯಾಕ್ಟ್) ಒಳಗಿರುವ, ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಗಾಡಿಗಳಲ್ಲಿ ಬಹಳ ಜನ ನೋಡದೆ ಬಿಡುವ ಜಾಗವೊಂದಿದೆ. ಪಾಯಿಂಟ್‌ನಿಂದ ಹೊರಗಿನ ಟರ್ಮಿನಲ್‌ಗೆ ಬರುವ ಗಿಡ್ಡ ಮೆತ್ತನೆ ವೈರ್. ಇಂಜಿನ್ ವ್ಯಾಕ್ಯೂಮ್‌ನಿಂದ ಸ್ಪಾರ್ಕಿನ ಸಮಯ ಬದಲಿಸುವ ವ್ಯಾಕ್ಯೂಮ್ ಅಡ್ವಾನ್ಸ್, ಪಾಯಿಂಟ್ ಕೂತ ಪ್ಲೇಟನ್ನು ಎಳೆದಾಗಲೆಲ್ಲ ಈ ವೈರ್ ಬಾಗುತ್ತದೆ. ವರ್ಷಗಳು ಕಳೆದಂತೆ ಮೇಲಿನ ಪ್ಲಾಸ್ಟಿಕ್ ಹಾಗೇ ಇದ್ದು ಒಳಗಿನ ಎಳೆಗಳು ತುಂಡಾಗುತ್ತವೆ. ಐಡ್ಲಿಂಗ್ ಸರಿ, ರೇಸ್ ಬದಲಿಸಿದಾಗ ಆಫ್. ಇಗ್ನಿಷನ್ ಆಫ್ ಮಾಡಿ, ಆ ವೈರನ್ನು ಕಾಯಿಲ್‌ನಿಂದ ಬಿಚ್ಚಿ, ಪಾಯಿಂಟ್ ಮುಚ್ಚಿರುವ ಸ್ಥಿತಿಯಲ್ಲಿ ಮೀಟರನ್ನು ಓಮ್‌ಗೆ ಹಾಕಿ, ಒಂದು ತುದಿ ವೈರಿಗೆ, ಇನ್ನೊಂದು ತುದಿ ಗಾಡಿಯ ಲೋಹದ ಮೈಗೆ ಹಿಡಿಯಿರಿ. ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಈಗ ವ್ಯಾಕ್ಯೂಮ್ ಪೈಪಿನ ತುದಿಯನ್ನು ಬಾಯಿಂದ ಹೀರಿ ಬಿಡಿ. ಅಂಕಿ ಜಿಗಿದಾಡಿದರೆ ವೈರ್ ಹೋಗಿದೆ. ಬದಲಿಗೆ ಮೆತ್ತನೆಯ ಬಹುಎಳೆ ವೈರನ್ನೇ ಹಾಕಬೇಕು, ಗಟ್ಟಿ ವೈರ್ ಹಾಕಿದರೆ ಬೇಗನೆ ಮುರಿಯುತ್ತದೆ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್‌ನ ಅಳತೆ ಹೆಚ್ಚಿನ ಗಾಡಿಗಳಲ್ಲಿ 0.18ರಿಂದ 0.25 ಮೈಕ್ರೋಫ್ಯಾರಡ್, ಬಿಸಿಯಾದಾಗ ಕೈಕೊಡುವ ಕಂಡೆನ್ಸರ್ ಇದ್ದರೆ ಸ್ಪಾರ್ಕ್ ಹಳದಿಗಟ್ಟಿ, ಪಾಯಿಂಟ್ ಸುಟ್ಟಿರುತ್ತದೆ. ಸೆಲ್ಫ್ ಹೊಡೆಯುವಾಗ ಹತ್ತಿಕೊಂಡು, ಕೀ ಬಿಟ್ಟ ಕೂಡಲೇ ಆರಿದರೆ ಬ್ಯಾಲಸ್ಟ್ ರೆಸಿಸ್ಟರ್ (ಇಂಜಿನ್ ಓಡುವಾಗ ಕಾಯಿಲ್‌ನ ಕರೆಂಟ್ ತಗ್ಗಿಸುವ ಭಾಗ) ಅಥವಾ ಸ್ವಿಚ್.

ಅರ್ಥ್ ಪರೀಕ್ಷೆಗೆ ಓಮ್ ಮೀಟರ್ ನೆಚ್ಚಬೇಡಿ. ಒಂದೇ ಎಳೆ ಉಳಿದ ಕೇಬಲ್ಲನ್ನೂ ಅದು ಸರಿ ಎನ್ನುತ್ತದೆ. ಮೀಟರನ್ನು ವೋಲ್ಟ್‌ಗೆ ಹಾಕಿ, ಬ್ಯಾಟರಿ ನೆಗೆಟಿವ್ ಮತ್ತು ಇಂಜಿನ್ ಬ್ಲಾಕ್ ನಡುವೆ ಇಟ್ಟು ಸೆಲ್ಫ್ ಹೊಡೆಯಿಸಿ. 0.3 ವೋಲ್ಟ್ ಮೀರಿದರೆ ಕೇಬಲ್ ಅಥವಾ ಅದರ ಬೋಲ್ಟ್ ತುಕ್ಕು ಹಿಡಿದಿದೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಸಿಗಬೇಕು. 12ಕ್ಕಿಂತ ಕೆಳಗೆ ಇಳಿಯುತ್ತಾ ಹೋದರೆ ಆಲ್ಟರ್ನೇಟರ್ ಸತ್ತು ಬ್ಯಾಟರಿ ಮೇಲೆ ಗಾಡಿ ಓಡುತ್ತಿದೆ. ಇಲ್ಲಿ ಮೊದಲು ದೀಪ ಮಂಕಾಗಿ, ಆಮೇಲೆ ಇಂಜಿನ್ ನಿಲ್ಲುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಈ ಯಾವ ಪರೀಕ್ಷೆಯೂ ಬೇಡ. ಸೆಲ್ಫ್ ಹೊಡೆದಾಗ ಇಂಜಿನ್ ಮಾಮೂಲಿಗಿಂತ ವೇಗವಾಗಿ, ತಡೆಯಿಲ್ಲದೆ ಒಂದೇ ಸಮನೆ ಗುಂಯ್‌ಗುಟ್ಟುತ್ತಾ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು, ಇನ್ನೂ ತಿರುಗಿಸಿದರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್‌ಗಳಿಗೆ ಪಿಸ್ಟನ್ ಹೊಡೆಯುತ್ತದೆ. ಬೆಲ್ಟಿನ ಮೇಲ್ಕವರ್ ಬಿಚ್ಚಿ ನೋಡಿ. ಬೆಲ್ಟ್ ಸಡಿಲವಾಗಿ ನೇತಾಡುತ್ತಿದ್ದರೆ ಗಾಡಿಯನ್ನು ಎಳೆದೊಯ್ಯಲು ಟೋ ಟ್ರಕ್ ಕರೆಸುವುದಷ್ಟೇ ಉಳಿದಿರುವ ಕೆಲಸ.