ಜಪಾನಿನಲ್ಲಿ ಓಡುವ ಅಕ್ಷರ ಬೀಜಿಂಗಿನಲ್ಲಿ ಯಾಕೆ ನಡೆಯುತ್ತೆ?

ನಾನು ಮೊದಲು ಕಲಿತದ್ದು ಜಪಾನಿ, ಚೀನಿ ಭಾಷೆಗೆ ಬಂದದ್ದು ಆಮೇಲೆ. ಜಪಾನಿನವರು ಚೀನಿ ಅಕ್ಷರಗಳನ್ನೂ ಬಳಸುತ್ತಾರೆ, ಹಾಗಾಗಿ ಹೀಗೆ ಬಂದವರಿಗೆ ಏಳು ಗೆರೆಯ ಒಂದು ಅಕ್ಷರ (走) ಬೇಗನೆ ಎದುರಾಗುತ್ತೆ. ಜಪಾನಿನಲ್ಲಿ ಅದು ‘ಹಶಿರು’, ಅಂದರೆ ಓಡು. ಬೀಜಿಂಗ್ ಚೀನಿಯಲ್ಲಿ ಅದೇ ಅಕ್ಷರ ‘ತ್ಸೋ’, ಅರ್ಥ ನಡೆ, ಇಲ್ಲಾ ಹೊರಡು. ಓಡೋದಕ್ಕೆ ಅವರಲ್ಲಿ ‘ಪಾವ್’ ಅಂತ ಬೇರೆ ಅಕ್ಷರವೇ ಇದೆ. ಎರಡರಲ್ಲಿ ಹಳೇ ಅರ್ಥ ಯಾವುದು ಅಂತ ನಾನು ಹುಡುಕಿದ್ದು ಹೀಗೆ.

ಮೊದಲು ಆಕಾರ ನೋಡಿದೆ. ಈಗ ಅದರ ಮೇಲಿನ ಭಾಗ ‘ಮಣ್ಣು’ ಅನ್ನೋ ಅಕ್ಷರದ ಹಾಗೆ ಕಾಣುತ್ತೆ, ಅದನ್ನು ನಂಬಬೇಡಿ. ಸುಮಾರು 3000 ವರ್ಷದ ಹಿಂದಿನ ಕಂಚಿನ ಪಾತ್ರೆಗಳ ಬರಹದಲ್ಲಿ ಅಲ್ಲಿರೋದು ಮಣ್ಣಲ್ಲ, ಒಂದು ಕೈ ಮೇಲೆ ಒಂದು ಕೈ ಕೆಳಗೆ ಬೀಸುತ್ತಿರುವ ಮನುಷ್ಯ. ಅವನ ಕೆಳಗೆ ಒಂದು ಪಾದ. ಇದರ ಜೊತೆಗೆ ‘ಬೆನ್’ (奔) ಅನ್ನೋ ಅಕ್ಷರವನ್ನೂ ನೋಡಲೇಬೇಕು. ಬೀಜಿಂಗಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿರುವ ‘ದಾ ಯು ದಿಂಗ್’ ಅನ್ನೋ ಹಳೇ ಕಂಚಿನ ಪಾತ್ರೆಯ ಬರಹದಲ್ಲಿ ಅದೇ ಮನುಷ್ಯನ ಕೆಳಗೆ ಮೂರು ಪಾದ ಇವೆ! ಇನ್ನೂ ಜೋರಾದ ಓಟ ಅಂತ. ಆ ಮೂರು ಪಾದ ಮುಂದೆ ಬರೆಯುವವರ ಕೈಯಲ್ಲಿ ಹುಲ್ಲಿನ ಗುರುತಾಗಿ ಬದಲಾದವು. ಇಷ್ಟು ಚಂದದ ಅಕ್ಷರವನ್ನು ಸುಮ್ನೆ ಬಾಯಿಪಾಠ ಮಾಡಿಸುತ್ತಾರಲ್ಲ ಅಂತ ನನಗೆ ನಿಜಕ್ಕೂ ಬೇಜಾರಾಗುತ್ತೆ.

ಆಕಾರ ಒಂದೇ ಸಾಲದು, ಬಳಕೆ ಬೇಕು. ‘ಹಾನ್ ಫೇಯ್‌ಜಿ’ ಅನ್ನೋ ಹಳೇ ಚೀನಿ ಪುಸ್ತಕದಲ್ಲಿ ಒಂದು ಕಥೆ ಬರುತ್ತೆ, ಕ್ರಿ.ಪೂ. 3ನೇ ಶತಮಾನದ್ದು. ಹೊಲದ ಮರದ ಬೊಡ್ಡೆಗೆ ಮೊಲ ಬಡಿದು ಕತ್ತು ಮುರಿದುಕೊಂಡು ಸಾಯುತ್ತೆ, ರೈತ ಇನ್ನೊಂದು ಮೊಲಕ್ಕಾಗಿ ಕೆಲಸ ಬಿಟ್ಟು ಕಾದು ಕೂರುತ್ತಾನೆ. ಆ ಮೊಲ ಬಂದದ್ದನ್ನು ಹೇಳೋಕೆ ಇದೇ ಅಕ್ಷರ ಇದೆ. ನಡೆದುಕೊಂಡು ಬಂದ ಮೊಲ ಕತ್ತು ಮುರಿದುಕೊಳ್ಳಲ್ಲ ಅಲ್ವಾ?

ಆಮೇಲೆ ಸುತ್ತಲಿನ ಭಾಷೆಗಳು. ದಕ್ಷಿಣ ಚೀನಾದ ಕ್ಯಾಂಟೊನೀಸ್ ಮಾತಿನಲ್ಲಿ, ತೈವಾನಿನ ಹೊಕ್ಕಿಯನ್ ಮಾತಿನಲ್ಲಿ ಇವತ್ತಿಗೂ ಇದು ಓಡೋದೇ. ಚೀನಿಯಿಂದ ಪದಗಳನ್ನು ತಗೊಂಡ ಕೊರಿಯನ್‌ನಲ್ಲಿ ಇದರ ಉಚ್ಚಾರ ‘ಜು’, ವಿಯೆಟ್ನಾಮಿನಲ್ಲಿ ‘ತವ್’. ಅವರು ಈಗ ಈ ಅಕ್ಷರ ಬರೆಯೋದು ತೀರಾ ಕಡಿಮೆ, ಹಾಗಾಗಿ ನಿಘಂಟಿನಲ್ಲಿ ಪ್ರತಿ ಪದದ ಮೂಲ ಅಕ್ಷರ ತೆಗೆದು ನೋಡಬೇಕು, ಯಾಕಂದ್ರೆ ಕೊರಿಯನ್‌ನಲ್ಲಿ ಹೆಂಡಕ್ಕೂ ವಾರಕ್ಕೂ ‘ಜು’ ಅಂತಲೇ ಇದೆ. ‘ದೋಜು’ ಅಂದರೆ ತಪ್ಪಿಸಿಕೊಂಡು ಓಡಿಹೋಗೋದು. ಚೀನಾದ ಉತ್ತರದ ಮಾತಿನಲ್ಲಿ ಅರ್ಥ ಜಾರಿದೆ, ಉಳಿದ ಕಡೆ ಹಳೇದು ನಿಂತಿದೆ.

ಓಟ ನಡಿಗೆಯಾಗೋದು ನಮಗೆ ಹೊಸದಲ್ಲ. ನಮ್ಮ ‘ಓಡಾಡು’ವಿನಲ್ಲಿ ಓಟ ಎಲ್ಲಿದೆ? ಅಜ್ಜ ಅಂಗಳದಲ್ಲಿ ನಿಧಾನವಾಗಿ ಓಡಾಡುತ್ತಾರೆ ಅಂತೀವಿ.

ನನಗೆ ಜಾಸ್ತಿ ಇಷ್ಟವಾದದ್ದು ಜಪಾನಿನ ‘ಗೊಚಿಸೋ’. ಊಟ ಮುಗಿದ ಮೇಲೆ ಅವರು ‘ಗೊಚಿಸೋಸಮ’ ಅಂತಾರೆ. ಅದರ ನಡುವಿನ ‘ಚಿಸೋ’ದಲ್ಲಿ ಎರಡು ಅಕ್ಷರ, ಒಂದು ಕುದುರೆ ಓಡಿಸೋದು, ಇನ್ನೊಂದು ನಮ್ಮ ಈ ಓಟ. ಅತಿಥಿಗಾಗಿ ಅಲ್ಲಿ ಇಲ್ಲಿ ಓಡಾಡಿ ಸಾಮಾನು ಹೊಂದಿಸಿದ್ದೇ ಮುಂದೆ ಔತಣ ಅಂತಾಯಿತು.

ಇಂಥ ಹುಡುಕಾಟ ನೀವೂ ಮಾಡಿ ನೋಡೋದಾದರೆ ‘ತಾಂಗ್’ (湯) ಅನ್ನೋ ಅಕ್ಷರ ತಗೊಳ್ಳಿ. ಚೀನಾದಲ್ಲಿ ಅದು ಸೂಪು, ಜಪಾನಿನಲ್ಲಿ ಅದನ್ನೇ ‘ಯು’ ಅಂತ ಓದಿದರೆ ಬಿಸಿನೀರು, ಸಾರ್ವಜನಿಕ ಸ್ನಾನದ ಮನೆಯ ಬಾಗಿಲ ಪರದೆ ಮೇಲೂ ಇರುತ್ತೆ.