ಆಷಾಢದ ಗಾಳಿಗೆ ತಂತಿ ಹುಡುಕಿದ್ದು

ಅರಸೀಕೆರೆಯ ಬಯಲಿಗೆ ಆಷಾಢದ ಗಾಳಿ ಇಳಿದರೆ ಬಸ್ ನಿಲ್ದಾಣದಲ್ಲಿ ಛತ್ರಿ ಬಿಚ್ಚುವವರು ಸಿಗುವುದಿಲ್ಲ. ಬಿಚ್ಚಿದರೆ ಅದು ಮಗುಚಿಕೊಳ್ಳುತ್ತದೆ. ಆ ಗಾಳಿಯನ್ನು ತಂತಿಗೆ ಹತ್ತಿಸುವುದು ನನ್ನ ಹೊಟ್ಟೆಪಾಡು. ಗಾಳಿಯಂತ್ರ ನಿಲ್ಲಿಸುವವನು ನಾನಲ್ಲ, ಲೈನ್ ಎಳೆಯುವವನೂ ಅಲ್ಲ. ಅವರಿಬ್ಬರು, ಜಮೀನಿನ ಯಜಮಾನರು, ನಾಲ್ಕಾರು ಸರ್ಕಾರಿ ಕಚೇರಿಗಳು, ಇಷ್ಟು ಜನರ ನಡುವೆ ಕಡತ ಹೊತ್ತು ಓಡಾಡುವವನು. ಹಾಸನದಲ್ಲಿ ಒಂದು ಬಾಡಿಗೆ ಕೋಣೆ, ಗೋಡೆಯ ತುಂಬ ನಕ್ಷೆ. ವಿದ್ಯುತ್ ಮಂಡಳಿ ಹೋಗಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ, ಅಂದರೆ ಕವಿಪ್ರನಿನಿ, ಬಂದದ್ದು 1999ರಲ್ಲಿ. ನಮ್ಮ ಮನೆಯಲ್ಲಿ ಮಾತ್ರ ನಾನು ಮಾಡುವುದು ಇಂದಿಗೂ ‘ಕೆ.ಇ.ಬಿ. ಕೆಲಸ’.

ಹೇಳಹೊರಟಿರುವುದು ಒಂದೇ ಗುಡ್ಡಸಾಲಿನ ಕಥೆ. ಅದರ ಒಂದು ಮಗ್ಗುಲು ಅರಸೀಕೆರೆ ತಾಲ್ಲೂಕು, ಇನ್ನೊಂದು ಮಗ್ಗುಲು ಕಡೂರು. ಅಂದರೆ ಈಚೆ ಚಾಮುಂಡೇಶ್ವರಿ ವಿದ್ಯುತ್ ಕಂಪನಿ, ಆಚೆ ಮೆಸ್ಕಾಂ. ಲೋಡಿನ ಲೆಕ್ಕ ಬೇಕೆಂದರೆ ಎರಡು ಕಡೆ ಅರ್ಜಿ, ಎರಡು ಕಡೆ ಕಾಫಿ. ಆ ಸಾಲಿನ ಮೇಲೆ ಮೂರು ಕಂಪನಿಗಳು ಗಾಳಿಯಂತ್ರ ನಿಲ್ಲಿಸಲು ಬಂದಿದ್ದವು. ಒಬ್ಬೊಬ್ಬರದೂ 30ರಿಂದ 40 ಮೆಗಾವ್ಯಾಟ್. ಮೂವರೂ ಕೇಳಿದ್ದು ಒಂದನ್ನೇ: ಹತ್ತಿರದ ವಿದ್ಯುತ್ ಸ್ಟೇಷನ್ನಿಗೆ ತಮಗೇ ಪ್ರತ್ಯೇಕವಾದ ಒಂದು 66 ಕೆ.ವಿ., ಅಂದರೆ 66 ಸಾವಿರ ವೋಲ್ಟಿನ, ಲೈನ್.

ಕೇಳಿದ್ದರಲ್ಲಿ ತಪ್ಪೇನಿಲ್ಲ. ಸಾಮಾನ್ಯವಾಗಿ ಗಾಳಿಯಂತ್ರ ವಿದ್ಯುತ್ ಹುಟ್ಟಿಸುವುದು 690 ವೋಲ್ಟಿನಲ್ಲಿ. ಬುಡದ ಪರಿವರ್ತಕ ಅದನ್ನು 33 ಸಾವಿರ ವೋಲ್ಟಿಗೆ ಏರಿಸುತ್ತದೆ. ಗುಡ್ಡದ ಮೇಲಿನ ಯಂತ್ರಗಳದ್ದೆಲ್ಲ ಕಂಪನಿಯ ಸಂಗ್ರಹ ಕೇಂದ್ರಕ್ಕೆ ಬಂದು ಸೇರಿ, ಅಲ್ಲಿಂದ ಇನ್ನೂ ಮೇಲಿನ ವೋಲ್ಟೇಜಿನಲ್ಲಿ ಕವಿಪ್ರನಿನಿಯ ಸ್ಟೇಷನ್ನಿಗೆ ಹೋಗುತ್ತದೆ. ಮೂವತ್ತು ನಲವತ್ತು ಮೆಗಾವ್ಯಾಟಿಗೆ 66 ಕೆ.ವಿ. ಎಂದು ಯಾರಾದರೂ ಹೇಳುತ್ತಾರೆ. ನಾನೂ ಮೊದಲು ಹಾಗೆಯೇ ಹೇಳಿದೆ.

ಮೂರೂ ಸರ್ವೆ ನಕ್ಷೆಗಳನ್ನು ಒಂದೇ ಹಾಳೆಗೆ ಇಳಿಸಿದ ದಿನ ಕೈ ನಿಂತಿತು. ಕೆಂಪು, ನೀಲಿ, ಹಸಿರು ಪೆನ್ಸಿಲ್. ಗುಡ್ಡದಲ್ಲಿ ದೂರ ದೂರ ಹೊರಟ ಮೂರು ಗೆರೆಗಳು ಕೆರೆ, ಊರು, ಕಾಯ್ದಿಟ್ಟ ಅರಣ್ಯ ತಪ್ಪಿಸಿಕೊಳ್ಳುತ್ತ ತಪ್ಪಿಸಿಕೊಳ್ಳುತ್ತ ಒಂದೇ ತೆಂಗಿನ ತೋಟದ ಪಟ್ಟಿಗೆ ಬಂದು ಬಿದ್ದಿದ್ದವು. ಲೈನಿನ ಕೆಳಗೆ ರಾಗಿ ಬೆಳೆಯಬಹುದು, ಹುರುಳಿ ಬೆಳೆಯಬಹುದು; ತೆಂಗು ನಿಲ್ಲುವ ಹಾಗಿಲ್ಲ. ಆ ತೋಟದ ಹಿರಿಯರೊಬ್ಬರ ಮನೆಯ ಜಗಲಿಯಲ್ಲಿ ನಕ್ಷೆ ಹರಡಿದೆ. ಅವರು ಬಹಳ ಹೊತ್ತು ನೋಡಿ, “ನೋಡಪ್ಪ, ಕಡಿಯಲೇಬೇಕು ಅಂದರೆ ಒಂದು ಸಲ ಕಡಿಯಿರಿ. ಮೂರು ಕಂಪನಿ ಮೂರು ವರ್ಷ ಸರದಿಯಲ್ಲಿ ಬಂದು ಕಡಿಯುವುದಕ್ಕೆ ಇದೇನು ಕಬ್ಬಿನ ಗದ್ದೆಯೇ?” ಎಂದರು.

ಬಸ್ಸಿನಲ್ಲಿ ಬರುತ್ತ ಲೆಕ್ಕ ಹಾಕಿದೆ. 66 ಕೆ.ವಿ. ಲೈನಿಗೆ ಬಿಡಬೇಕಾದ ಪಟ್ಟಿ 18 ಮೀಟರ್. ಮೂರಕ್ಕೆ 54. ಒಂದು 220 ಕೆ.ವಿ. ಲೈನಿಗೆ, ಅದು ಜೋಡಿ ಸರ್ಕ್ಯೂಟಿನದಾದರೂ, ಅಂದರೆ ಟವರಿನ ಎರಡೂ ಪಕ್ಕಕ್ಕೆ ತಂತಿ ಇದ್ದರೂ, 35 ಮೀಟರ್ ಸಾಕು. ಒಂದೇ ಸರ್ಕ್ಯೂಟಿನಲ್ಲಿ ಮೂವರ ವಿದ್ಯುತ್ತೂ ಆರಾಮವಾಗಿ ಹೋಗುತ್ತದೆ. ಬರೀ ಗುಣಾಕಾರ. ಅದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದರೆ, ಮೂರು ಕಡತ ಬೇರೆ ಬೇರೆ ದಿನ ಬಂದಿದ್ದವು, ಬೇರೆ ಬೇರೆ ದಾರದಲ್ಲಿ ಕಟ್ಟಿದ್ದವು.

ಆದರೆ ತೆಂಗಿನ ಮರದ ವಾದ ಕಂಪನಿಗಳ ಕಿವಿಗೆ ಇಳಿಯಲಿಲ್ಲ. 220 ಎಂದರೆ ದುಡ್ಡು ಜಾಸ್ತಿ, ಅದೂ ಪರರೊಂದಿಗೆ ಪಾಲು. ಅವರನ್ನು ಅಲುಗಿಸಿದ್ದು ಒಂದು ಲಾಗ್ ಪುಸ್ತಕ.

ಗ್ರಿಡ್ ಅಧ್ಯಯನವನ್ನು, ಅಂದರೆ ಇರುವ ಜಾಲ ಈ ಹೊಸ ವಿದ್ಯುತ್ತನ್ನು ತಾಳುತ್ತದೆಯೇ ಎಂಬ ಲೆಕ್ಕವನ್ನು, ನಾವು ಬೇಸಿಗೆಯ ಗರಿಷ್ಠ ಬೇಡಿಕೆಯ ಮೇಲೆ ಮಾಡಿಸಿದ್ದೆವು. ಅದು ಹಳೆಯ ರೂಢಿ. ಬೇಡಿಕೆ ಹೆಚ್ಚಿರುವ ದಿನವೇ ಕಷ್ಟದ ದಿನ ಎಂಬ ನಂಬಿಕೆ. ಫೆಬ್ರುವರಿ, ಮಾರ್ಚ್ ಎಂದರೆ ಈ ಕಡೆ ತೆಂಗಿನ ತೋಟಗಳ ಪಂಪ್‌ಸೆಟ್ಟು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ಹೂವಿಗೆ ತುಂತುರು ನೀರಾವರಿ. ಆ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಗುಡ್ಡದ ವಿದ್ಯುತ್ತನ್ನು ಕೆಳಗಿನ ಪಂಪುಗಳೇ ಕುಡಿದು ಮುಗಿಸುತ್ತಿದ್ದವು. ಪ್ರಶ್ನೆ ಏನೆಂದರೆ, ಮಾರ್ಚಿನಲ್ಲಿ ಗಾಳಿ ಎಲ್ಲಿದೆ? ನಮ್ಮಲ್ಲಿ ಯಂತ್ರ ಪೂರ್ತಿ ತಿರುಗುವುದು ಜೂನ್‌ನಿಂದ ಸೆಪ್ಟೆಂಬರ್. ಆಗ ಮಳೆ. ಪಂಪ್‌ಸೆಟ್ಟಿಗೆ ಏಳು ಗಂಟೆ ತ್ರೀಫೇಸ್ ಕೊಟ್ಟರೂ ಸ್ವಿಚ್ ಒತ್ತುವವರಿಲ್ಲ.

ಈ ಅನುಮಾನ ಹೊಕ್ಕಿದ ಮೇಲೆ ಸ್ಟೇಷನ್ನಿಗೆ ಹೋಗಿ, ಅನುಮತಿ ಪಡೆದು, ಹಿಂದಿನ ಜುಲೈ ತಿಂಗಳ ಲಾಗ್ ಪುಸ್ತಕ ಕೇಳಿದೆ. ಗಂಟೆಗೊಂದು ಸಾಲು. ಕೈಬರಹ, ಅಲ್ಲಲ್ಲಿ ಚಹಾದ ಕಲೆ. ನೋಡುತ್ತ ಹೋದಂತೆ ರಾತ್ರಿ ಒಂದು, ಎರಡು, ಮೂರು ಗಂಟೆಯ ಸಾಲುಗಳಲ್ಲಿ ಪರಿವರ್ತಕದ ಮೆಗಾವ್ಯಾಟ್ ಕಾಲಮಿನಲ್ಲಿ ಕೆಂಪು ಶಾಯಿಯ ಅಂಕಿಗಳು, ಹಿಂದೆ ಒಂದು ಸಣ್ಣ ಮೈನಸ್ ಗೀಟು. ಮೀಟರ್ ಕೆಟ್ಟಿತ್ತೇ ಎಂದು ಕೇಳಿದೆ. ಪಾಳಿಯಲ್ಲಿದ್ದ ಆಪರೇಟರ್ ನಕ್ಕರು. “ಕೆಟ್ಟಿಲ್ಲ ಸಾರ್, ಮಳೆಗಾಲದಲ್ಲಿ ಹೀಗೆಯೇ. ಕರೆಂಟು ಮೇಲಕ್ಕೆ ಹತ್ತುತ್ತದೆ.”

ಅಷ್ಟೇ ವಿಷಯ. ಹಾಸನದ ಕಡೆಯಿಂದ 220ರಲ್ಲಿ ಬಂದು 66ಕ್ಕೆ ಇಳಿಯಬೇಕಾದ ವಿದ್ಯುತ್ತು, ಆಗಲೇ ಇದ್ದ ಹಳೆಯ ಗಾಳಿಯಂತ್ರಗಳ ದೆಸೆಯಿಂದ, ಕುಡಿಯುವವರಿಲ್ಲದೆ 66ರಿಂದ 220ಕ್ಕೆ ಹತ್ತುತ್ತಿತ್ತು. ಅದರ ಮೇಲೆ ನಮ್ಮ ಮೂರು ಕಂಪನಿಗಳದ್ದನ್ನೂ 66ಕ್ಕೇ ಸುರಿದರೆ? ಸ್ಟೇಷನ್ನಿನ ಎರಡು ಪರಿವರ್ತಕಗಳಲ್ಲಿ ಒಂದು ಕೈಕೊಟ್ಟರೂ ಇನ್ನೊಂದು ಭಾರ ಹೊರಬೇಕು ಎಂಬುದು ಯೋಜನೆಯ ಮೂಲ ನಿಯಮ. ಜುಲೈ ತಿಂಗಳ ರಾತ್ರಿ ಮೂರು ಗಂಟೆಯ ಲೆಕ್ಕದಲ್ಲಿ ಅದು ಹೊರುತ್ತಿರಲಿಲ್ಲ. ಸ್ಟೇಷನ್ ಉಳಿಯಬೇಕಾದರೆ ಗಾಳಿಯಂತ್ರ ಬಂದ್ ಮಾಡಿ ಎಂದು ಫೋನ್ ಬರುತ್ತಿತ್ತು, ಅದೂ ವರ್ಷದ ಸಂಪಾದನೆಯ ಕಾಲದಲ್ಲಿ. ನೇರ 220ಕ್ಕೆ ಕಟ್ಟಿದರೆ ಆ ಪರಿವರ್ತಕದ ಹಂಗೇ ಇಲ್ಲ. ಹಾಸನದ 400 ಕೆ.ವಿ. ಪವರ್ ಗ್ರಿಡ್ ಕೇಂದ್ರದ ಕಡೆಗೆ ದಾರಿ ತೆರೆದಿರುತ್ತದೆ. ಮೂರೂ ಕಂಪನಿಯವರನ್ನು ನನ್ನ ಕೋಣೆಗೆ ಕರೆದು, ಜೆರಾಕ್ಸ್ ಪುಟಗಳನ್ನು ಮುಂದಿಟ್ಟೆ. ಆ ದಿನ ಯಾರೂ ತೆಂಗಿನ ಮರದ ಮಾತೆತ್ತಲಿಲ್ಲ. ಮರಗಳು ಮಾತ್ರ ಉಳಿದವು, ಎಲ್ಲವೂ ಅಲ್ಲದಿದ್ದರೂ.

ಖರ್ಚು ಹಂಚುವ ಜಗಳ ಆರು ತಿಂಗಳು ನಡೆಯಿತು. ಅದನ್ನು ವಿವರಿಸಿದರೆ ಓದುವವರಿಗೂ ನಿದ್ದೆ ಬರುತ್ತದೆ. ಮೆಗಾವ್ಯಾಟಿಗೆ ತಕ್ಕ ಪಾಲು, ಒಬ್ಬೊಬ್ಬರಿಗೂ ತಮ್ಮ ಮೀಟರ್, ದೊಡ್ಡ ಮೀಟರಿಗೆ ಬರುವಷ್ಟರಲ್ಲಿ ಸೋರಿದ್ದನ್ನು ಅದೇ ಪ್ರಮಾಣದಲ್ಲಿ ಹಂಚಿಕೊಳ್ಳುವುದು ಎಂದು ತೀರ್ಮಾನವಾಯಿತು.

ಜಮೀನಿನದ್ದು ಬೇರೆ ಪುರಾಣ. ಕೇಂದ್ರದ 2015ರ ಮಾರ್ಗಸೂಚಿಯಲ್ಲಿ ಟವರಿನ ಬುಡಕ್ಕೆ ಜಮೀನು ಬೆಲೆಯ ಶೇ 85, ತಂತಿ ಹಾಯುವ ಪಟ್ಟಿಗೆ ಗರಿಷ್ಠ ಶೇ 15 ಎಂದಿತ್ತು. ಆ ಲೆಕ್ಕದಲ್ಲಿ ಮಾತುಕತೆ ನಡೆಸುತ್ತಿರುವಾಗಲೇ 2024ರ ಜೂನ್‌ನಲ್ಲಿ ಬುಡಕ್ಕೆ ಶೇ 200, ಪಟ್ಟಿಗೆ ಶೇ 30 ಎಂದು ಹೊಸದು ಬಂತು. ಸುದ್ದಿ ಬಂದ ಬೆಳಿಗ್ಗೆ ಏಳಕ್ಕೆ ಮುಂಚೆಯೇ ಹನ್ನೊಂದು ಫೋನ್. ಆಗಲೇ ಸಹಿ ಹಾಕಿದ್ದವರ ಮನೆಗಳಿಗೆ ಮೊದಲು ಹೋಗಿ ಬಂದೆ. ಬೈಗುಳ ತಿನ್ನುವುದಾದರೆ ಬಿಸಿ ಇರುವಾಗಲೇ ತಿನ್ನುವುದು ಲೇಸು. ಕಂಪನಿಗಳನ್ನು ಒಪ್ಪಿಸಿ ಎಲ್ಲರಿಗೂ ಒಂದೇ ದರ ಎಂದು ಬರೆಸಿಕೊಂಡ ಮೇಲೆ ಕೆಲಸ ಮುಂದೆ ಹೋಯಿತು. ಮರದ ಪರಿಹಾರ ಇದರಲ್ಲಿ ಸೇರುವುದಿಲ್ಲ, ಅದು ಪ್ರತ್ಯೇಕ; ಇದನ್ನು ಪ್ರತಿ ಜಗಲಿಯಲ್ಲೂ ಮೂರು ಸಲ ಹೇಳಬೇಕು.

ಇನ್ನು ನನ್ನದೇ ತಪ್ಪು. ಗಾಳಿಯಂತ್ರ ನಿಲ್ಲಿಸಲು ಒಂದು, ಒಂದೂವರೆ ವರ್ಷ ಸಾಕು. ಲೈನಿಗೆ ಅದರ ಎರಡರಷ್ಟು ಬೇಕು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ನಮ್ಮಲ್ಲಿ ಗಾಳಿ ಬಂದಾಗ ಮೊರವೇ ತಯಾರಿರುವುದಿಲ್ಲ. ಹೊಸ ಲೈನ್ ಹಳೆಯ ಲೈನನ್ನು ದಾಟುವ ಕಡೆಯಲ್ಲೆಲ್ಲ ಹಳೆಯದನ್ನು ಬಂದ್ ಮಾಡಿಸಿ ಲೈನ್ ಕ್ಲಿಯರ್ ಪಡೆಯಬೇಕು. ಯಾವಾಗ ಕೊಡುತ್ತಾರೆ? ಜೂನ್‌ನಿಂದ ಸೆಪ್ಟೆಂಬರ್ ಕೇಳಿದರೆ ಆ ಲೈನಿನ ಮೇಲಿರುವ ಹಳೆಯ ಗಾಳಿಯಂತ್ರದವರು ಬಾಯಿ ಬಡಿದುಕೊಳ್ಳುತ್ತಾರೆ. ಅಕ್ಟೋಬರಿನಲ್ಲಿ ಹಬ್ಬ, ಹಿಂಗಾರು. ಫೆಬ್ರುವರಿಯಿಂದ ಪಂಪ್‌ಸೆಟ್ಟು, ಅದರ ಬೆನ್ನಿಗೆ ಮಕ್ಕಳ ಪರೀಕ್ಷೆ. ಉಳಿಯುವುದು ನವೆಂಬರ್ ಕೊನೆಯಿಂದ ಜನವರಿ. ಇಷ್ಟನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬಣ್ಣ ಬಳಿದು ತೋರಿಸಿದ್ದೆ. ಅರಸೀಕೆರೆ ಜಂಕ್ಷನ್ ಎಂಬುದನ್ನು ಮಾತ್ರ ಹಗುರವಾಗಿ ತೆಗೆದುಕೊಂಡೆ. ರೈಲು ಹಳಿ ದಾಟಲು ಬೇರೆ ಅನುಮತಿ, ಬೇರೆ ನಕ್ಷೆ, ತಂತಿ ಎಳೆಯುವ ಹೊತ್ತಿಗೆ ರೈಲು ತಡೆಯಲು ಬೇರೆ ದಿನಾಂಕ. ಅರ್ಜಿಯನ್ನು ನಾನು ನಾಲ್ಕು ತಿಂಗಳು ತಡವಾಗಿ ಹಾಕಿದೆ. ಅನುಮತಿ ಬಂದದ್ದು ಮಾರ್ಚಿನಲ್ಲಿ.

ಆ ವರ್ಷದ ಆಷಾಢದಲ್ಲಿ ಗುಡ್ಡಕ್ಕೆ ಹೋಗಿದ್ದೆ. ನಿಲ್ಲುವುದಕ್ಕೇ ಆಗದಷ್ಟು ಗಾಳಿ. ಯಂತ್ರಗಳೆಲ್ಲ ರೆಕ್ಕೆಯ ಅಂಚನ್ನು ಗಾಳಿಗೆ ಕೊಟ್ಟು, ಮುನಿಸಿಕೊಂಡವರ ಹಾಗೆ ನಿಂತಿದ್ದವು. ಆ ಋತುವಿನ ನಷ್ಟ ಎಷ್ಟೆಂದು ಕಂಪನಿಯವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ರೈಲ್ವೆ ಅರ್ಜಿ ನನ್ನ ಪಟ್ಟಿಯಲ್ಲಿ ಮೊದಲನೆಯದು. ಸರ್ವೆ ಮುಗಿಯುವ ಮುಂಚೆಯೇ.

ಮರುವರ್ಷದ ಜನವರಿಯಲ್ಲಿ ಹಳಿ ದಾಟಿದೆವು. ವಿದ್ಯುತ್ ಪರಿವೀಕ್ಷಣಾಲಯದವರು ಬಂದು ನೋಡಿ ಒಪ್ಪಿಗೆ ಕೊಟ್ಟರು, ಲೈನ್ ಚಾರ್ಜ್ ಆಯಿತು. ಆ ಜುಲೈಯಲ್ಲಿ ಒಂದು ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ, ತಡೆಯಲಾರದೆ ಸ್ಟೇಷನ್ನಿಗೆ ಫೋನ್ ಮಾಡಿದೆ. ಅದೇ ಆಪರೇಟರ್. ಪರಿವರ್ತಕದ ಕಾಲಮಿನಲ್ಲಿ ಎಂದಿನಷ್ಟೇ ಕೆಂಪು, ಹೆಚ್ಚಿಲ್ಲ ಎಂದರು. ಆಮೇಲೆ, “ನಿಮಗೆ ನಿದ್ದೆ ಬರುವುದಿಲ್ಲವೇ ಸಾರ್?” ಎಂದರು.

ಒಂದು ಮಾತು ಬಾಕಿ ಇದೆ. ಮೂರನೆಯ ಕಂಪನಿ ನಡುವೆ ಕೈಬಿಟ್ಟು ಹೋಯಿತು. ಟವರ್‌ಗಳನ್ನು ಜೋಡಿ ಸರ್ಕ್ಯೂಟಿಗೆಂದೇ ನಿಲ್ಲಿಸಿಯಾಗಿತ್ತು. ತಂತಿ ಎಳೆದದ್ದು ಒಂದು ಪಕ್ಕಕ್ಕೆ ಮಾತ್ರ. ಮೊನ್ನೆ ಆ ತೋಟದ ಹಿರಿಯರು ಸಿಕ್ಕಿದ್ದರು. ಟವರಿನ ಖಾಲಿ ತೋಳುಗಳ ಕಡೆ ಕೈ ತೋರಿಸಿ, “ಈ ಮಗ್ಗುಲಿಗೆ ಯಾವಾಗಪ್ಪ?” ಎಂದು ಕೇಳಿದರು. ಅದಕ್ಕೆಂದು ಮತ್ತೆ ಮರ ಕಡಿಯುವುದಿಲ್ಲ ಎಂದೆ. “ಅದು ನನಗೆ ಗೊತ್ತು, ಬರೆಸಿಕೊಂಡಿದ್ದೇನೆ. ಯಾವಾಗ ಎಂದು ಕೇಳಿದೆ.” ನನ್ನಲ್ಲಿ ಉತ್ತರವಿರಲಿಲ್ಲ, ಅವರು ಎಳನೀರು ಕೆತ್ತಿಸಿಕೊಟ್ಟರು, ಕುಡಿದು ಬಂದೆ.